ಪ್ರದರ್ಶನಕ್ಕೆ ಬಂದವರು ಪೇಪರ್ ಓದುತ್ತಾ ಕೂತರು

ನೀವು ಕೈಮುಗಿದು ಕರೆದ ಜನರೆಲ್ಲ ತಪ್ಪದೆ ಬಂದು, ಬಂದವರು ನೀವು ಕರೆದ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದ್ದು ನಿಮಗೆ ಯಾವತ್ತಾದರೂ ಆಗಿದೆಯಾ? ಜನ ಬರದಿದ್ದರೆ ಅಳಬಹುದು, ಮಳೆಯನ್ನೋ ಕ್ರಿಕೆಟ್ ಮ್ಯಾಚನ್ನೋ ಬೈಯಬಹುದು. ಹಾಲ್ ತುಂಬ ಜನ ಇದ್ದೂ ಯಾರೂ ನಿಮ್ಮ ಕಡೆ ತಿರುಗಿ ನೋಡದಿದ್ದರೆ ಯಾರನ್ನು ಬೈಯೋಣ ಹೇಳಿ?

ನಾನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಎಂ.ಎ. ತರಹದ್ದೊಂದು ಓದುತ್ತಿದ್ದ ಕಾಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. 'ತರಹದ್ದೊಂದು' ಅಂತ ಯಾಕೆ ಹೇಳಿದೆ ಅಂದರೆ ಭದ್ರಾವತಿಯ ನಮ್ಮ ಬೀದಿಯಲ್ಲಿ ಅದೇನೆಂದು ಯಾರಿಗೂ ಅರ್ಥ ಮಾಡಿಸಲು ನನ್ನಿಂದ ಆಗಿರಲಿಲ್ಲ. "ಪುಸ್ತಕ ಜೋಡ್ಸಕ್ಕೂ ಯೂನಿವರ್ಸಿಟಿಗೆ ಹೋಗ್ಬೇಕೇನೇ ಮಾರಾಯ್ತಿ? ನಮ್ಮನೆ ಪಾತ್ರೆ ಸ್ಟ್ಯಾಂಡು ನೋಡು ಬಾ, ನಾನೂ ಡಿಗ್ರಿ ತಗೋಬೋದು" ಎಂದು ಪಕ್ಕದ ಮನೆಯ ಸೆಲ್ವಿ ಅಕ್ಕ ನಗುತ್ತಿದ್ದಳು. ಅವಳು ಬ್ಲೌಸ್ ಹೊಲಿಯುವವಳು. ತಮಿಳು ಅವಳ ಮನೆಮಾತು, ಕನ್ನಡ ಅವಳ ಜಗಳದ ಮಾತು. ನಮ್ಮಪ್ಪ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದರು. ನಾನು ಓದು ಮುಗಿಸಿದ ಮರುದಿನವೇ ಕೆಲಸಕ್ಕೆ ಹೋಗಬೇಕು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ, ಆದರೆ ದಿನಾ ಊಟದ ಜೊತೆ ಬಡಿಸುತ್ತಿದ್ದ ವಿಷಯವಾಗಿತ್ತು.

ಆ ವರ್ಷ ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ವಿಭಾಗದ ಮೇಡಂಗೆ ಒಂದು ಹುಮ್ಮಸ್ಸು ಬಂತು. ಶಿವಮೊಗ್ಗದ ರವೀಂದ್ರನಗರದಲ್ಲಿ ಅಕ್ಕಪಕ್ಕದ ಎರಡು ಹಾಲ್ ಹಿಡಿದು, ಸಾರ್ವಜನಿಕರಿಗೆ ಒಂದು ಉಪನ್ಯಾಸ, ಆಮೇಲೆ ವಿದ್ಯಾರ್ಥಿಗಳ ಪ್ರದರ್ಶನ ಎಂದರು. ಉಪನ್ಯಾಸಕ್ಕೆ ಬರುವವರು ಭದ್ರಾವತಿಯ ಒಂದು ಕಾಲೇಜಿನ ಗ್ರಂಥಪಾಲಕರು. ಅವರಿಗೆ ಕಂಪ್ಯೂಟರ್ ಬಲ್ಲ ಸಹಾಯಕರೊಬ್ಬರು ಬೇಕಾಗಿತ್ತಂತೆ. "ಜನಕ್ಕೆ ಯಾರು ಚೆನ್ನಾಗಿ ತಿಳಿಸಿ ಹೇಳ್ತಾರೋ ನೋಡಿ ಅವ್ರನ್ನೇ ತಗೋತೀನಿ ಅಂದಿದಾರೆ" ಎಂದು ಮೇಡಂ ನನ್ನನ್ನೇ ನೋಡುತ್ತಾ ಹೇಳಿದರು. ನಾನು ಆಗಲೇ ಒಂದು ಕಂಪ್ಯೂಟರ್ ಕ್ಯಾಟಲಾಗ್ ಮಾಡಿಟ್ಟಿದ್ದೆ. ಪುಸ್ತಕದ ಹೆಸರೋ ವಿಷಯವೋ ಒತ್ತಿದರೆ ಅದು ಇದೆಯೋ ಇಲ್ಲವೋ, ಇದ್ದರೆ ಯಾವ ಕಪಾಟಿನಲ್ಲಿ ಎಂದು ಹೇಳುತ್ತಿತ್ತು. ಈಗ ಹೇಳಿದರೆ ನಿಮ್ಮ ಮಕ್ಕಳು ನಗುತ್ತಾರೆ. ಆಗ ಅದೇ ಚಂದ್ರಲೋಕ.

ಹಿಂದಿನ ದಿನವೇ ಹೋಗಿ ನಾನೂ ಸಹಪಾಠಿ ನಾಗರಾಜನೂ ಪ್ರದರ್ಶನದ ಹಾಲ್ ಸಿದ್ಧ ಮಾಡಿದೆವು. ವಿಭಾಗದಿಂದ ತಂದ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿದೆವು. ಬಾಗಿಲಲ್ಲಿ ಬ್ಯಾಗ್ ಇಡಲು ಜಾಗ, ಟೋಕನ್, ಸಹಿ ಮಾಡುವ ರಿಜಿಸ್ಟರ್, ಮಧ್ಯೆ ಉದ್ದ ಮೇಜು, ಮೇಜಿನ ಮೇಲೆ ಪೇಪರ್‌ಗಳು, ಗೋಡೆಗೆ 'ನಿಶ್ಶಬ್ದ' ಎಂಬ ದೊಡ್ಡ ಬೋರ್ಡು. ಯಾರೂ ಹೇಳಿರಲಿಲ್ಲ. ನಮಗೆ ಕೋಣೆ ಅಂದರೆ ಗ್ರಂಥಾಲಯದ ಹಾಗೇ ಇರಬೇಕು ಅಂತ ಕೈಗೆ ಅಭ್ಯಾಸ. ಮೂಲೆಯಲ್ಲಿ ನನ್ನ ಕಂಪ್ಯೂಟರ್.

ಉಪನ್ಯಾಸ ಚೆನ್ನಾಗೇ ಆಯಿತು. ಉಪನ್ಯಾಸ ಕೊಟ್ಟ ಅತಿಥಿಗಳನ್ನು ಮೇಡಂ ಕಾಫಿಗೆ ಕರೆದೊಯ್ದರು, ಜನ ಪ್ರದರ್ಶನದ ಹಾಲಿಗೆ ಬಂದರು. ಬಂದವರು ಬ್ಯಾಗ್ ಇಟ್ಟರು, ಟೋಕನ್ ತೆಗೆದುಕೊಂಡರು, ಸಹಿ ಹಾಕಿದರು, ಬೋರ್ಡು ನೋಡಿದರು, ತುದಿಗಾಲಲ್ಲಿ ನಡೆದು ಕುರ್ಚಿ ಸದ್ದಾಗದಂತೆ ಎಳೆದು ಕೂತು ಪೇಪರ್ ಬಿಡಿಸಿದರು. ಅಷ್ಟೇ! ಪೇಪರ್ ಸಿಗದವರು ಕಪಾಟಿನಿಂದ ಪುಸ್ತಕ ತೆಗೆದುಕೊಂಡರು. ಶಿವಮೊಗ್ಗದ ಜನ ಇಷ್ಟು ಶಿಸ್ತಿನವರು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನು ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಹೋಗಿ, "ಸರ್, ಕಂಪ್ಯೂಟರ್ ನೋಡ್ತೀರಾ?" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು ಬೋರ್ಡಿನ ಕಡೆ ಕಣ್ಣಲ್ಲೇ ತೋರಿಸಿದರು. ನಮ್ಮ ಬೋರ್ಡು, ನಮಗೇ! ನಾಗರಾಜ ಮೆಲ್ಲಗೆ ಹೋಗಿ ಅದನ್ನು ಕಿತ್ತು ಮೇಜಿನ ಕೆಳಗೆ ತಳ್ಳಿದ. ಬೋರ್ಡು ಹೋಯಿತು, ನಿಶ್ಶಬ್ದ ಹೋಗಲಿಲ್ಲ. "ಜೋರಾಗಿ ಏನಾದ್ರೂ ಹೇಳೋ" ಎಂದೆ. "ನೀನೇ ಹೇಳೇ, ನಂಗೆ ಹಾಲ್ ಒಳಗೆ ಧ್ವನಿನೇ ಬರಲ್ಲ" ಎಂದು ಪಿಸುಗುಟ್ಟಿದ. ನನಗೂ ಬರುತ್ತಿರಲಿಲ್ಲ. ಅತಿಥಿಗಳ ಕಾಫಿ ಮುಗಿಯುವ ಹೊತ್ತು. ಜನಕ್ಕೆ ತಿಳಿಸಿ ಹೇಳುವ ನನ್ನನ್ನು ನೋಡಲು ಅವರು ಬರುತ್ತಾರೆ, ಇಲ್ಲಿ ಒಬ್ಬ ಪ್ರಾಣಿಯೂ ನನ್ನ ಮಾತು ಕೇಳಲು ತಯಾರಿಲ್ಲ. ಕೆಲಸ ಕೈತಪ್ಪಿತು ಎಂದು ಕುರ್ಚಿಯಲ್ಲಿ ಕುಸಿದೆ.

ಆಗ ಬಾಗಿಲಲ್ಲಿ ನಮ್ಮಮ್ಮ. ಹಿಂದೆ ಸೆಲ್ವಿ ಅಕ್ಕ. ಭದ್ರಾವತಿ ಬಸ್ಸು ತಡವಾಗಿ ಉಪನ್ಯಾಸ ತಪ್ಪಿಸಿಕೊಂಡಿದ್ದರು. ಅಮ್ಮ ಹಾಲ್ ನೋಡಿ ಗಾಬರಿಯಾಗಿ, ಬಾವಿಕಟ್ಟೆಯಲ್ಲಿ ಕರೆಯುವ ಧ್ವನಿಯಲ್ಲಿ ಕೇಳಿದಳು:

"ಏನೇ ಇದು? ಯಾರಾದ್ರೂ ಹೋಗ್ಬಿಟ್ರಾ? ಎಲ್ಲಾ ಹಿಂಗ್ ಕೂತಿದಾರೆ!"

ಅಷ್ಟೂ ಪೇಪರ್‌ಗಳು ಒಟ್ಟಿಗೆ ಕೆಳಗಿಳಿದವು. ಅಮ್ಮ ನನ್ನ ಕಂಪ್ಯೂಟರ್ ಮುಂದೆ ಬಂದು ನಿಂತಳು. "ಇದೇನಾ ನೀನು ಮಾಡಿದ್ದು? ಏನ್ ಹೇಳುತ್ತೆ ಇದು?"

"ಪುಸ್ತಕ ಎಲ್ಲಿದೆ ಅಂತ ಹೇಳುತ್ತೆ ಅಮ್ಮ."

"ಹೊಲಿಗೆ ಪುಸ್ತಕ ಇದ್ಯಾ ಕೇಳು" ಎಂದಳು ಸೆಲ್ವಿ ಅಕ್ಕ, ಪರೀಕ್ಷಕಿಯ ಗತ್ತಿನಲ್ಲಿ.

ಒತ್ತಿದೆ. ಕಂಪ್ಯೂಟರ್ ಗುರ್ ಎಂದಿತು. ಇದೆ, ಇಂಥ ಕಪಾಟಿನಲ್ಲಿ ಇದೆ ಎಂದು ತೋರಿಸಿತು. ಜನ ಎದ್ದು ಬಂದು ಸುತ್ತ ನಿಂತರು. ಅದೇ ಗಳಿಗೆಗೆ ಅತಿಥಿಗಳೂ ಮೇಡಂ ಜೊತೆ ಒಳಗೆ ಬಂದರು. ನಾಗರಾಜ ಕಪಾಟಿನ ಹತ್ತಿರ ಹೋದ, ಹುಡುಕಿದ, ಬರಿಗೈಯಲ್ಲಿ ತಿರುಗಿದ.

"ಇದೆ ಅನ್ನುತ್ತೆ, ಇಲ್ವಲ್ಲಮ್ಮ" ಎಂದರು ಅತಿಥಿಗಳು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಿರುಗಿದಳು. "ಯಾರ್ರೀ ಅದು ಹೊಲಿಗೆ ಪುಸ್ತಕ ತಗೊಂಡಿರೋರು?"

ಉದ್ದ ಮೇಜಿನ ತುದಿಯಲ್ಲಿ, ಮತ್ತೆ ಅಗಲವಾಗಿ ಬಿಡಿಸಿಕೊಂಡ ಪೇಪರಿನ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ಶೆಟ್ಟರು. ಪೇಪರಿನ ಮರೆಯಲ್ಲಿ ಹೊಲಿಗೆ ಪುಸ್ತಕ.

"ನಾನೇ ಕಣಮ್ಮ. ಬ್ಲೌಸಿಗೆ ನಿಜವಾಗ್ಲೂ ಎಷ್ಟು ಬಟ್ಟೆ ಬೇಕು ಅಂತ ನೋಡ್ತಿದ್ದೆ. ಈ ಟೈಲರ್‌ಗಳು ಸುಮ್ನೆ ಜಾಸ್ತಿ ತರ್ಸಿ ಉಳಿಸ್ಕೋತಾರೆ."

"ಯಾರು ಉಳಿಸ್ಕೊಳ್ಳೋದು?" ಎಂದಳು ಸೆಲ್ವಿ ಅಕ್ಕ. "ನೀವು ಬಟ್ಟೆ ಎಳ್ದು ಎಳ್ದು ಅಳಿತೀರಲ್ಲಾ ಶೆಟ್ರೇ, ಒಂದು ಸಲ ಒಗೆದ್ರೆ ಅದು ಗೇಣು ಕುಗ್ಗುತ್ತೆ. ಆಮೇಲೆ ತೋಳಿಗೆ ಬಟ್ಟೆ ಯಾರಪ್ಪ ಕೊಡ್ತಾರೆ, ನೀವಾ?"

ಅಲ್ಲಿಗೆ ಗ್ರಂಥಾಲಯ ಮುಗಿದು ಸಂತೆ ಶುರುವಾಯಿತು. ಬಂದಿದ್ದ ಹೆಂಗಸರೆಲ್ಲ ಸೆಲ್ವಿ ಅಕ್ಕನ ಪಕ್ಷ. ಒಬ್ಬರು ಹೋಮಿಯೋಪಥಿ ಪುಸ್ತಕ ಇದ್ಯಾ ಎಂದರು, ಒಬ್ಬರು ಜಾತಕದ್ದು ಕೇಳಿದರು. ತುಟಿಯ ಮೇಲೆ ಬೆರಳಿಟ್ಟಿದ್ದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ "ಕ್ಯೂನಲ್ಲಿ ಬನ್ರೀ, ಕ್ಯೂನಲ್ಲಿ!" ಎಂದು ಕೂಗುತ್ತಿದ್ದರು. ಕಂಪ್ಯೂಟರ್ ನಡುವೆ ಒಮ್ಮೆ ನಿಂತಿತು. ಅಮ್ಮ ನಮ್ಮನೆ ಟಿವಿಗೆ ಕೊಡುವ ಹಾಗೆ ಅದರ ತಲೆಗೊಂದು ಕೊಟ್ಟಳು. ಅದು ಮತ್ತೆ ನಡೆಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನನಗೆ ಗೊತ್ತು. ಆದರೂ ಆವತ್ತು ಅವಳನ್ನು ತಡೆಯುವ ಮೂರ್ಖಳು ನಾನಾಗಿರಲಿಲ್ಲ.

ಅತಿಥಿಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇದನ್ನ ಮಾಡಿದ್ಯಾರು?" ಎಂದರು. "ನಾನು ಸರ್" ಎಂದು ಪಿಸುಗುಟ್ಟಿದೆ. "ಯಾರು?" ಎಂದರು ಮತ್ತೆ.

"ಇವ್ಳೇ ಸರ್, ನನ್ ಮಗ್ಳು!" ಎಂದಳು ಅಮ್ಮ. "ಇದ್ರ ಹಿಂದೆ ಬಿದ್ದು ಮನೇಲಿ ಒಂದ್ ಲೋಟ ತೊಳ್ದಿಲ್ಲ ಇವ್ಳು."

ಅವರು ಮೊದಲು ಅಮ್ಮನ ಕಡೆ ತಿರುಗಿ ಕೈಮುಗಿದರು. "ಅಮ್ಮ, ನಮ್ ಕಾಲೇಜಲ್ಲಿ ಪುಸ್ತಕ ವಾಪಸ್ ಕೊಡ್ದೇ ಇರೋ ಮೇಷ್ಟ್ರುಗಳು ಬೇಕಾದಷ್ಟು ಇದಾರೆ. ನೀವೇ ಬಂದ್ಬಿಡಿ." ಅಮ್ಮ ನಾಚಿಕೊಂಡು, "ನಂಗೆ ಮನೆ ಕೆಲ್ಸ ಇರುತ್ತೆ ಸರ್, ಇವ್ಳನ್ನ ಕರ್ಕೊಳ್ಳಿ" ಎಂದಳು. "ಹಂಗಾದ್ರೆ ಸೋಮವಾರ ಬಾಮ್ಮ" ಎಂದರು ನನಗೆ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಹಳ ದಿನಗಳ ಮೇಲೆ ನೆಮ್ಮದಿಯ ಉಸಿರು ಬಿಟ್ಟೆ. ಇವತ್ತು ಮೇಜಿನ ಮೇಲೆ 'ಮುಖ್ಯ ಗ್ರಂಥಪಾಲಕಿ' ಅಂತ ಬೋರ್ಡು ಹಾಕಿಕೊಂಡು ಮೆರೆಯುತ್ತಿದ್ದೇನೆ. ಮನೆಗೆ ಬಂದವರೆದುರು ನನ್ನನ್ನು ಹೊಗಳುವಾಗ ಅಮ್ಮ ಮಾತ್ರ ಒಂದು ತಿದ್ದುಪಡಿ ತಪ್ಪಿಸುವುದಿಲ್ಲ: "ಆ ಕೆಲ್ಸ ಮೊದ್ಲು ಸಿಕ್ಕಿದ್ದು ನಂಗೆ. ನಾನು ಒಲ್ಲೆ ಅಂದಿದ್ದಕ್ಕೆ ಇವ್ಳಿಗೆ ಕೊಟ್ರು." ಸುಳ್ಳು ಅನ್ನೋಣ ಅಂದರೆ ಸಾಕ್ಷಿಗೆ ಸೆಲ್ವಿ ಅಕ್ಕ ಇದ್ದಾಳೆ.

ನಿಮ್ಮ ಕೆಲಸವನ್ನು ನಿಮ್ಮ ಪರವಾಗಿ ಗೆದ್ದುಕೊಟ್ಟು, ಆಮೇಲೆ ಬದುಕಿಡೀ ಹೇಳಿಕೊಂಡು ಓಡಾಡುವವರು ನಿಮ್ಮನೆಯಲ್ಲೂ ಇದ್ದರೆ ಕೆಳಗೆ ಬರೆಯಿರಿ. ನಾನೊಬ್ಬಳೇ ಅಲ್ಲ ಅಂತ ಗೊತ್ತಾದರೆ ಸಾಕು.