ವಿಲಿಸೋನಿಯ ಅಂಗಳದ ಐದು ಹುಂಜಗಳು

"ಹನ್ನೆರಡು ವರ್ಷ ಈ ಊರನ್ನೇ ಆಳಿದವನು ನಾನು. ಐದು ಹುಂಜ ಯಾವ ಮಹಾ? ಭಾನುವಾರದೊಳಗೆ ಅಂಗಳದಲ್ಲಿ ಶಾಂತಿ ನೆಲೆಸದಿದ್ರೆ ಆಮೇಲೆ ಕೇಳು."

ಹೆಂಡತಿ ಮೆಲೆನೈತೆಗೆ ಇಷ್ಟು ಹೇಳಿ ವಿಲಿಸೋನಿ ಹಿತ್ತಲ ಬಾಗಿಲಲ್ಲಿ ಕೂತ. ಟೊಂಗಾದ ಆ ಪುಟ್ಟ ದ್ವೀಪದಲ್ಲಿ ಅವನು ಊರಿನ ಅಧಿಕಾರಿಯಾಗಿದ್ದ. ಯಾರ ಹಂದಿ ಯಾರ ಗೆಣಸಿನ ತೋಟಕ್ಕೆ ನುಗ್ಗಿತು, ಯಾರ ಬೇಲಿ ಯಾರ ಜಾಗಕ್ಕೆ ಜರುಗಿತು ಎಂಬ ವ್ಯಾಜ್ಯಗಳನ್ನೆಲ್ಲ ತೀರಿಸಿ ಹೋದ ವರ್ಷ ನಿವೃತ್ತನಾಗಿದ್ದ. ಅಂದಿನಿಂದ ತೀರ್ಪು ಕೊಡಲು ಏನೂ ಸಿಗದೆ ನಾಲಗೆ ತುರಿಸುತ್ತಿತ್ತು.

ಕೋಳಿಗಳನ್ನು ಕೊಟ್ಟವಳು ಅವನ ಅಕ್ಕ ಕಲೊಲೈನೆ. ತನ್ನ ಮುದ್ದಿನ ಚುಕ್ಕೆ ಹೇಂಟೆಯನ್ನು ಏಳು ಮರಿಗಳ ಸಮೇತ ಬುಟ್ಟಿಯಲ್ಲಿಟ್ಟು, "ಚೆನ್ನಾಗಿ ನೋಡ್ಕೋ ತಮ್ಮ" ಎಂದಿದ್ದಳು. ಅಲ್ಲಿ ತಮ್ಮ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಅಕ್ಕನ ಮುಂದೆ ದನಿ ಏರಿಸುವುದಿಲ್ಲ. ಅಕ್ಕ ಕೊಟ್ಟದ್ದನ್ನು ಕೆಡಿಸುವುದಂತೂ ಇಲ್ಲವೇ ಇಲ್ಲ. ಏಳರಲ್ಲಿ ಐದು ಹುಂಜಗಳೆಂದು ಗೊತ್ತಾಗುವ ಹೊತ್ತಿಗೆ ಅವುಗಳಿಗೆ ಐದು ತಿಂಗಳಾಗಿ, ಪ್ರಾಯ ನೆತ್ತಿಗೇರಿತ್ತು. ಒಡೆದ ಗಂಟಲಿನ ಕೂಗು, ಎದೆಗೆ ಎದೆ ಕೊಟ್ಟು ಗುದ್ದಾಟ, ಒಂದು ರೆಕ್ಕೆಯನ್ನು ನೆಲಕ್ಕೆ ಸವರುತ್ತ ಹೇಂಟೆಗಳ ಸುತ್ತ ಕುಣಿತ.

ನಾಲ್ಕು ದಿನ ವಿಚಾರಣೆ ನಡೆಯಿತು. ವಿಲಿಸೋನಿ ಹಳೆಯ ದಫ್ತರದಲ್ಲಿ ಪ್ರತಿ ಜಗಳವನ್ನೂ ಬರೆದುಕೊಂಡ. ಶುಕ್ರವಾರ ತೀರ್ಪು ಹೊರಬಿತ್ತು.

"ಅಪರಾಧಿ ಕೆಂಪು."

"ಅದೇನು ಮಾಡ್ತು?" ಮೆಲೆನೈತೆ ಮರಗೆಣಸಿನ ಸಿಪ್ಪೆ ತೆಗೆಯುತ್ತಲೇ ಕೇಳಿದಳು.

"ಕರೀದು, ಬಿಳೀದು ಕಾದಾಡಿದ್ರೆ ನಡುವೆ ಕೆಂಪು. ಹಳದಿ, ಬೂದಿ ಕಾದಾಡಿದ್ರೂ ನಡುವೆ ಕೆಂಪು. ಎಲ್ಲಾ ಜಗಳದಲ್ಲೂ ಅದು ಹಾಜರು."

"ಬಿಡಿಸೋಕೆ ಹೋಗಿರುತ್ತೆ ಕಣ್ರೀ."

"ಹುಂಜ ಎಲ್ಲಾದ್ರೂ ಜಗಳ ಬಿಡಿಸುತ್ತಾ?"

"ಊರಲ್ಲಿ ಎಲ್ಲಾ ಜಗಳದಲ್ಲೂ ನೀವೂ ಹಾಜರಿರ್ತಿದ್ರಲ್ಲ."

ಈ ಮಾತು ದಫ್ತರಕ್ಕೆ ಏರಲಿಲ್ಲ.

ಶನಿವಾರ ಶಿಕ್ಷೆ ಜಾರಿಯಾಯಿತು. ಕೆಂಪು ಹುಂಜ ಓಡಲಿಲ್ಲ, ಕೊಸರಾಡಲಿಲ್ಲ. ಅವನ ತೋಳಿನಲ್ಲಿ ಸುಮ್ಮನೆ ಕೂತು ಅಂಗಳವನ್ನೇ ನೋಡುತ್ತಿತ್ತು. ತಪ್ಪು ಒಪ್ಪಿಕೊಂಡಿದೆ ಎಂದುಕೊಂಡ ವಿಲಿಸೋನಿ.

ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳು ಊಟಕ್ಕೆ ಬಂದರು. ಬೆಳಿಗ್ಗೆಯೇ ನೆಲದ ಒಲೆಯಲ್ಲಿ ಹೂತಿಟ್ಟಿದ್ದ ಕೋಳಿ, ಕೆಸುವಿನೆಲೆ, ತೆಂಗಿನ ಹಾಲು ಹದವಾಗಿ ಬೆಂದಿದ್ದವು. ಬಿಳಿ ಅಂಗಿ ತೊಟ್ಟು, ಅಲ್ಲಿನ ಮರ್ಯಾದೆಯ ಉಡುಪಿನಂತೆ ಸೊಂಟಕ್ಕೆ ಅಜ್ಜನ ಕಾಲದ ಚಾಪೆ ಸುತ್ತಿದ್ದ ಪಾದ್ರಿಗಳು ತೊಡೆಯ ತುಂಡನ್ನು ಮುಗಿಸಿ ಮೆಚ್ಚಿಗೆಯಿಂದ ತಲೆದೂಗಿದರು.

"ಬಹಳ ಸೌಮ್ಯವಾದ ಹುಂಜ ಅನ್ಸುತ್ತೆ, ವಿಲಿಸೋನಿ. ಮಾಂಸ ನೋಡಿದ್ರೇ ಗೊತ್ತಾಗುತ್ತೆ."

ವಿಲಿಸೋನಿ ಉತ್ತರಿಸುವ ಮೊದಲೇ ಅಂಗಳದಲ್ಲಿ ಯುದ್ಧ ಶುರುವಾಯಿತು. ಹಿಂದಿನ ದಿನದಿಂದ ಖಾಲಿಯಿದ್ದ ಗದ್ದುಗೆಗೆ ಉಳಿದ ನಾಲ್ವರೂ ಹಕ್ಕುದಾರರು. ತಡೆಯುವವರು ಯಾರೂ ಇರಲಿಲ್ಲ. ಚುಕ್ಕೆ ಹೇಂಟೆ ಜೀವ ಉಳಿಸಿಕೊಳ್ಳಲು ಒಳಗೆ ಹಾರಿ ಬಂದು ಕೆಸುವಿನೆಲೆಯ ತಟ್ಟೆಯಲ್ಲಿ ಇಳಿಯಿತು. ಅದರ ಬೆನ್ನಿಗೆ ಕರಿಯದು, ಅದರ ಬೆನ್ನಿಗೆ ಬಿಳಿಯದು. ತೆಂಗಿನ ಹಾಲು ಪಾದ್ರಿಗಳ ಅಂಗಿಯಿಂದ ಚಾಪೆಗೂ, ಚಾಪೆಯಿಂದ ಮೊಣಕಾಲಿಗೂ ಹರಿಯಿತು. ಪಾದ್ರಿಗಳು ಕಣ್ಣು ಮುಚ್ಚಿ ಎರಡೂ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡರು. ಪ್ರಾರ್ಥನೆಯೋ, ಸಿಟ್ಟೋ, ಯಾರೂ ಕೇಳಲಿಲ್ಲ.

ಅವರು ಹೋದ ಮೇಲೆ ಮೆಲೆನೈತೆ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಬೆನ್ನಿನ ಗರಿ ಕಿತ್ತುಹೋಗಿ ಚರ್ಮ ಸೀಳಿತ್ತು. ಅವಳು ತೆಂಗಿನೆಣ್ಣೆ ಹಚ್ಚುವಾಗ ವಿಲಿಸೋನಿ ಅದರ ಕಾಲು ಹಿಡಿದುಕೊಂಡ. ಬೆರಳುಗಳಿಗೆ ಅದರ ಎದೆಬಡಿತ ತಾಗುತ್ತಿತ್ತು. ಶನಿವಾರ ಇದೇ ಕೈಯಲ್ಲಿ ಸುಮ್ಮನೆ ಕೂತಿದ್ದ ಇನ್ನೊಂದು ಜೀವ ನೆನಪಾಗಿ ಅವನು ಮುಖ ತಿರುಗಿಸಿದ.

ಸೋಮವಾರ ಕಲೊಲೈನೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಊರು ಸುತ್ತಿತ್ತು. ವಿಲಿಸೋನಿ ಅಕ್ಕನ ಎದುರು ತಲೆ ತಗ್ಗಿಸಿ ನೆಲದ ಮೇಲೆ ಕೂತ. ಅವಳು ಹೇಂಟೆಯ ಬೆನ್ನು ನೋಡಿ, ಅಂಗಳ ನೋಡಿ, ಕೇಳಿದಳು.

"ಕೆಂಪು ಎಲ್ಲಿ?"

ವಿಲಿಸೋನಿ ಹೆಂಡತಿಯತ್ತ ನೋಡಿದ.

"ಪಾದ್ರಿಗಳು ಊಟ ಮಾಡಿದ್ರು, ಅತ್ತಿಗೆ," ಎಂದಳು ಮೆಲೆನೈತೆ.

ಕಲೊಲೈನೆ ನಿಟ್ಟುಸಿರು ಬಿಟ್ಟಳು. "ಬಂದಾಗೆಲ್ಲ ನೋಡಿದ್ದೆ, ಉಳಿದವನ್ನ ಹದ್ದುಬಸ್ತಲ್ಲಿ ಇಟ್ಟಿದ್ದೇ ಅದು ತಮ್ಮ. ಈಗ ಪಾದ್ರಿಗಳ ಹೊಟ್ಟೆಯಲ್ಲಿ ನ್ಯಾಯ ಮಾಡ್ತಿರುತ್ತೆ. ಈ ನಾಲ್ಕನ್ನೂ ಬೇರೆ ಕಡೆ ಕೂಡಿಹಾಕು. ಹೇಂಟೆ ಕಣ್ಣಿಗೆ ಬೀಳಬಾರದು. ಬೀಳದಿದ್ರೆ ಅಣ್ಣತಮ್ಮಂದಿರ ಹಾಗೆ ಇರ್ತಾವೆ."

"ಇವುಗಳಲ್ಲಿ ಯಾವುದನ್ನ ಹೇಂಟೆಗಳ ಜೊತೆ ಬಿಡಲಿ ಅಕ್ಕ? ನೀನೇ ಹೇಳು."

"ನನ್ನ ಯಾಕೆ ಕೇಳ್ತೀಯ? ಹೇಂಟೆಗಳನ್ನ ಕೇಳು."

ಅವನು ಹಳೆಯ ಮೀನುಬಲೆ ಕಟ್ಟಿ ಮನೆಯ ಆಚೆ ಬದಿಗೆ ದೊಡ್ಡಿ ಮಾಡಿದ. ಎರಡು ದಿನ ಪುಕ್ಕ ಹಾರಿತು, ಮೂರನೆಯ ದಿನ ನಾಲ್ಕೂ ಒಂದೇ ಕೊಂಬೆಯ ಮೇಲೆ ಸಾಲಾಗಿ ಕೂತಿದ್ದವು. ಹೇಂಟೆಯ ಗಾಯ ಮಾಗಿದ ಮೇಲೆ ದಿನಕ್ಕೊಂದರಂತೆ ಹೊರಗೆ ಬಿಟ್ಟ. ಕರಿಯದನ್ನು ಕಂಡು ಹೇಂಟೆಗಳು ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಅಡಗಿದವು. ಬಿಳಿಯದನ್ನು ಕಂಡು ಮರ ಹತ್ತಿದವು. ಹಳದಿ ಎದೆಯುಬ್ಬಿಸಿ ಇಡೀ ದಿನ ತನ್ನ ನೆರಳಿನ ಜೊತೆಯೇ ಕಾದಾಡಿತು.

ನಾಲ್ಕನೆಯ ದಿನ ಬೂದಿಯ ಸರದಿ. ಸೊಟ್ಟ ಬೆರಳಿನ, ಯಾರ ಕಣ್ಣಿಗೂ ಬೀಳದ ಹುಂಜ ಅದು. ನೆಲ ಕೆದಕಿ ತೆಂಗಿನ ಚೂರೊಂದನ್ನು ಹುಡುಕಿತು. ನುಂಗಲಿಲ್ಲ. ಎತ್ತುವುದು, ಕೆಳಗಿಡುವುದು, ಮೆಲ್ಲಗೆ ಕೊಕ್ ಕೊಕ್ ಎನ್ನುವುದು. ಚುಕ್ಕೆ ಹೇಂಟೆ ಮನೆಯಡಿಯಿಂದ ಹೊರಬಂದು, ನಿಂತು, ಮತ್ತೆರಡು ಹೆಜ್ಜೆ ಇಟ್ಟು, ಅದರ ಕೊಕ್ಕಿನ ಎದುರಿಂದಲೇ ಚೂರನ್ನು ತೆಗೆದುಕೊಂಡು ತಿಂದಿತು.

ವಿಲಿಸೋನಿ ಹೆಂಡತಿಯನ್ನು ಕೂಗಿದ.

"ಬಾ ಇಲ್ಲಿ, ನೋಡು. ಈ ಬೂದಿ ತಾನು ತಿನ್ನದೆ ಅವಳನ್ನ ಕರೀತಿದೆ."

"ಅದು ಮೊದಲಿಂದ್ಲೂ ಹಾಗೇ," ಎಂದಳು ಮೆಲೆನೈತೆ ಒಳಗಿನಿಂದಲೇ.

"ನಿನಗೆ ಗೊತ್ತಿತ್ತಾ?"

"ದಿನಾ ಕಾಳು ಹಾಕೋಳು ನಾನು ತಾನೇ?"

"ಮತ್ತೆ ಯಾಕೆ ಹೇಳಲಿಲ್ಲ?"

"ಕೆಂಪಿನ ವಿಷಯ ಹೇಳಿ ನೋಡಿದೆ. ಇದರ ವಿಷಯ ನನ್ನನ್ನ ಸಾಕ್ಷಿಗೆ ಕರೆದಾಗ ಹೇಳೋಣ ಅಂತ ಕಾಯ್ತಿದ್ದೆ. ನೀವು ಕರೀಲೇ ಇಲ್ಲ."