ಮಾವನ ಹೂವಿನ ಮುಂಗಡಪತ್ರ

ನಮ್ಮ ಮಾವ ಹತ್ತು ವರ್ಷ ಸಾಯದೆ ಉಳಿದದ್ದು ಹೂವಿನ ರೇಟು ಇಳಿಯಲಿಲ್ಲ ಎಂಬ ಒಂದೇ ಕಾರಣಕ್ಕೆ! ನೀವು ನಗಬಹುದು. ನಾವೂ ನಕ್ಕಿದ್ದೇವೆ. ಆದರೆ ಆ ಕಾಲದಲ್ಲಿ ಕಾಪುವಿನಲ್ಲಿದ್ದ ಯಾರನ್ನಾದರೂ ಕೇಳಿ ನೋಡಿ. ಅರವತ್ತು ದಾಟಿದ ಒಬ್ಬ ಮನುಷ್ಯ, ಸಕ್ಕರೆ ಕಾಯಿಲೆ, ಮಂಡಿನೋವು, ರಕ್ತದೊತ್ತಡ ಮೂರನ್ನೂ ಸಾಕಿಕೊಂಡು, ದಿನಾ ಮಧ್ಯಾಹ್ನ ಗೇಟಿನ ಬಳಿ ನಿಂತು ಮಲ್ಲಿಗೆಯ ಧಾರಣೆ ವಿಚಾರಿಸಿ, "ಛೆ, ಇವತ್ತೂ ಆಗುವ ಹಾಗಿಲ್ಲ" ಎಂದು ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಹಾಗಾಗಿ ಊರಿಗೆಲ್ಲ ಅವರು ಲೆಕ್ಕದ ಮಾಸ್ಟ್ರು. ಮಕ್ಕಳಿಲ್ಲ, ಮನೆಯಲ್ಲಿ ಅವರು ಮತ್ತು ಅತ್ತೆ, ಇಬ್ಬರೇ. ನಿವೃತ್ತಿಯ ಮರುದಿನದಿಂದ ಪಾಪ, ಅವರಿಗೆ ಲೆಕ್ಕ ಮಾಡಲು ಏನೂ ಉಳಿಯಲಿಲ್ಲ. ತೊಟ್ಟಿಗೆ ನೀರು ತುಂಬಲು ಎಷ್ಟು ಹೊತ್ತು ಬೇಕು ಎಂದು ಯಾರೂ ಕೇಳುವುದಿಲ್ಲ, ಹತ್ತು ಜನ ಎಂಟು ದಿನದಲ್ಲಿ ಕಟ್ಟುವ ಗೋಡೆಯ ಗೊಡವೆ ಯಾರಿಗೂ ಬೇಡ. ಅಂಥ ಹೊತ್ತಿನಲ್ಲಿ ಕಾರ್ಕಳದಲ್ಲಿದ್ದ ಅವರ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ತೀರಿಕೊಂಡರು. ಅದೂ ಎಂಥ ಸಮಯದಲ್ಲಿ? ಮೇ ತಿಂಗಳ ನಟ್ಟನಡುವೆ, ಮದುವೆಗಳ ಭರಾಟೆಯಲ್ಲಿ!

ಹೂ ತರಲು ಹೋದವರು ಮಾವ ಮತ್ತು ನಾನು. ನನಗೆ ಮಣಿಪಾಲದ ಒಂದು ಆಫೀಸಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಕಡಿಯಾಳಿಯಲ್ಲಿ ಅಮ್ಮನೂ ನಾನೂ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಕಡೆ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ, ಸುತ್ತಿ ಚೆಂಡು ಮಾಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದರ ರೇಟು ಪ್ರತಿದಿನ ಬೆಳಿಗ್ಗೆ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಒಮ್ಮೆ ಆಯಿತೆಂದರೆ ಆಯಿತು. ಮನೆಯಲ್ಲಿ ಅಳುತ್ತಿದ್ದವರು ಒಬ್ಬೊಬ್ಬರೂ ಕಣ್ಣೊರೆಸಿಕೊಂಡು, "ಐದು ಅಟ್ಟೆ ತನ್ನಿ", "ಐದು ಎಂತಕ್ಕಾಗುತ್ತದೆ, ಹತ್ತು ತನ್ನಿ" ಎಂದು ಹರಾಜು ಕೂಗಿದ ಹಾಗೆ ಏರಿಸಿದ್ದರು. ಅಂಗಡಿಯಲ್ಲಿ ರೇಟು ಕೇಳಿ ಮಾವನ ಮುಖ ಬಿಳಿಚಿಕೊಂಡಿತು. "ಇದು ಮದುವೆಗಲ್ಲ ಮಾರಾಯ್ರೇ, ಸಾವಿಗೆ" ಎಂದರು. ಅಂಗಡಿಯವನು ತಲೆ ಎತ್ತದೆಯೇ, "ಮಲ್ಲಿಗೆಗೆ ಅದು ಗೊತ್ತಿಲ್ಲ ಅಲ್ವಾ?" ಎಂದ. ಹತ್ತು ಅಟ್ಟೆ ಹೊತ್ತು ತಂದೆವು. ದೊಡ್ಡಮಾವನ ಮುಖ ಬಿಟ್ಟು ಉಳಿದದ್ದೆಲ್ಲ ಮುಚ್ಚಿಹೋಯಿತು.

ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿಸಿ ಹೊರಡುವಾಗ ಮಾವ ಘೋಷಿಸಿದರು: "ದುಃಖದಲ್ಲಿ ಇರುವವರಿಗೆ ಗುಣಾಕಾರ ಬರುವುದಿಲ್ಲ. ನನ್ನ ಸಾವಿನ ಹೂವನ್ನು ನಾನೇ ಲೆಕ್ಕ ಹಾಕಿ ಇಟ್ಟು ಹೋಗುತ್ತೇನೆ!"

ಹೀಗೆ ಮುಂಗಡಪತ್ರ ಶುರುವಾಯಿತು. ಮೊದಲು ಅಳತೆ. ಮಾವ ಚಾಪೆಯ ಮೇಲೆ ಮಲಗಿ ಅತ್ತೆಯ ಕೈಗೆ ಟೇಪು ಕೊಟ್ಟು ತಮ್ಮ ಉದ್ದಗಲ ತೆಗೆಸಿದರು. ಅತ್ತೆ, "ಬ್ಲೌಸಿಗೆ ಬಿಟ್ಟು ಬೇರೆ ಅಳತೆ ನನಗೆ ಗೊತ್ತಿಲ್ಲಪ್ಪ" ಎನ್ನುತ್ತಲೇ ತೆಗೆದರು. ಸತ್ತ ಮೇಲೆ ಮನುಷ್ಯ ಒಂದೆರಡು ಇಂಚು ಉದ್ದವಾಗುತ್ತಾನೋ ಎಂಬ ಸಂಶಯ ಬಂದು, ಮಣಿಪಾಲದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಮೆಡಿಕಲ್ ವಿದ್ಯಾರ್ಥಿಯೊಬ್ಬನನ್ನು ಕೇಳಿಯೂ ಬಿಟ್ಟರು. ಆ ಹುಡುಗ ತನ್ನ ಸ್ಟಾಪಿಗೆ ಮೊದಲೇ ಇಳಿದು ನಡೆದು ಹೋದ.

ಆಮೇಲೆ ದಿನದ ಲೆಕ್ಕ: ಯಾವಾಗ ಸತ್ತರೆ ಹೂ ಅಗ್ಗ? ಶಂಕರಪುರದ ಕಡೆಯಿಂದ ಮಧ್ಯಾಹ್ನದ ಬಸ್ಸಿಗೆ ಹೂ ತರುತ್ತಿದ್ದ ಕ್ರೈಸ್ತ ಹೆಂಗಸೊಬ್ಬರಿದ್ದರು, ಊರಿಗೆಲ್ಲ ಅವರು 'ಬಾಯಿ'. ತಮ್ಮ ಅಂಗಳದಲ್ಲೇ ಬೆಳೆದ ಮಲ್ಲಿಗೆ. ಅತ್ತೆಗೆ ದಿನಾ ಒಂದು ತುಂಡು ಬೇಕೇ ಬೇಕು. ಒಂದು ಹೊತ್ತು ಊಟ ಬಿಟ್ಟಾರು, ಮಲ್ಲಿಗೆ ಬಿಡುವವರಲ್ಲ. ಬಾಳೆಲೆಯ ಪೊಟ್ಟಣ ಬಿಚ್ಚಿ ಒಮ್ಮೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಆಮೇಲೆಯೇ ಮುಡಿಗೆ. ಮಾವ ಗೇಟಿನಲ್ಲಿ ಬಾಯಿಯ ಜೊತೆ ಧಾರಣೆಯ ಚರ್ಚೆ ನಡೆಸುವರು.

"ಬಾಯಿ, ಆಟಿ ತಿಂಗಳಲ್ಲಿ ಮದುವೆ ಇಲ್ಲ. ಹೂವಿಗೆ ಗಿರಾಕಿ ಇಲ್ಲ. ಹಾಗಾದರೆ ಸಾಯಲಿಕ್ಕೆ ಆಟಿಯೇ ಲಾಭ, ಹೌದಾ ಅಲ್ವಾ?"

"ಆಟಿಯಲ್ಲಿ ಮಳೆಗೆ ಮೊಗ್ಗೇ ಇರುವುದಿಲ್ಲ ಮಾಸ್ಟ್ರೇ. ನಾನು ಎಲ್ಲಿಂದ ತರಲಿ?"

"ಹಾಗಾದರೆ ಯಾವಾಗ?"

"ನಮ್ಮಲ್ಲಿ ಅದನ್ನೆಲ್ಲ ದೇವರು ನೋಡಿಕೊಳ್ಳುತ್ತಾರೆ. ನಿಮ್ಮಲ್ಲಿ ಎಂತ, ನೀವೇ ನೋಡಬೇಕಾ?"

ಮಾವ ಬಗ್ಗಲಿಲ್ಲ. ಮಲ್ಲಿಗೆಯ ಜೊತೆಗೆ ಸೇವಂತಿಗೆಯ ಹಾರವೂ ಇರಲಿ ಎಂದು ಒಂದು ಭಾನುವಾರ ನನ್ನನ್ನು ಉಡುಪಿಯ ರಥಬೀದಿಗೆ ಎಳೆದುಕೊಂಡು ಹೋದರು. ಹೂವಿನವನಿಗೆ ಚೀಟಿ ತೋರಿಸಿ, "ದೊಡ್ಡ ಹಾರ ಒಂದು, ಸಣ್ಣದು ಎರಡು. ಎಷ್ಟಾಗುತ್ತದೆ?" ಎಂದರು.

"ಯಾವ ದಿನಕ್ಕೆ?"

"ದಿನ ಗೊತ್ತಿಲ್ಲ."

"ಮದುವೆ ನಿಶ್ಚಯ ಆಗಲಿಲ್ವಾ ಇನ್ನೂ?"

"ಮದುವೆ ಆಗಿ ಮೂವತ್ತೈದು ವರ್ಷ ಆಯಿತು. ಇದು ನನ್ನ ಹೆಣಕ್ಕೆ."

ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ನನ್ನ ಮುಖ ನೋಡಿದ. ನಾನು ಎದುರಿನ ಪಾತ್ರೆ ಅಂಗಡಿಯ ಕೊಡಪಾನಗಳನ್ನು ಬಹಳ ಆಸಕ್ತಿಯಿಂದ ಎಣಿಸತೊಡಗಿದೆ.

"ಡಾಕ್ಟ್ರು ಎಂತ ಹೇಳಿದ್ದಾರೆ?" ಎಂದ ಮೆಲ್ಲಗೆ.

"ಸಿಹಿ ಬಿಡಲಿಕ್ಕೆ ಹೇಳಿದ್ದಾರೆ. ನೀವು ರೇಟು ಹೇಳಿ."

"ಘಟ್ಟದ ಮೇಲಿನಿಂದ ಬರುವ ಹೂ ಮಾರಾಯ್ರೇ, ಇವತ್ತಿನದ್ದು ಇವತ್ತಿಗೆ. ದಿನ ಹೇಳದೆ ಹೇಗೆ ಹೇಳುವುದು?"

"ಸುಮ್ಮನೆ ಅಂದಾಜು ಹೇಳಿ."

"ನೀವು ಅಂದಾಜು ದಿನ ಹೇಳಿ, ನಾನು ಅಂದಾಜು ರೇಟು ಹೇಳುತ್ತೇನೆ!"

ಮಾವನಿಗೆ ಪರಮಾನಂದ. "ಇವನು ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆ" ಎಂದು ದಾರಿಯುದ್ದಕ್ಕೂ ಹೇಳಿದರು.

ರೇಟು ಸಿಗದಿದ್ದರೆ ಬೇಡ, ಗುಣವನ್ನಾದರೂ ಪರೀಕ್ಷಿಸಬಹುದಲ್ಲ? ಒಂದೊಂದು ವಾರ ಒಂದೊಂದು ಹೂವಿನ ಹಾರ ತರಿಸಿ, ಹಾಕಿಕೊಂಡು ಮಲಗಿ, ಗಡಿಯಾರ ನೋಡಿ ಇಪ್ಪತ್ತು ನಿಮಿಷ ಪ್ರಯೋಗ. ಸುಗಂಧರಾಜಕ್ಕೆ ಸೀನು ಬಂತು. "ಹೆಣ ಸೀನಿದರೆ ಜನ ನಿಲ್ಲುತ್ತಾರಾ?" ಎಂದು ಅದನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಸೇವಂತಿಗೆಗೆ ಇರುವೆ ಹತ್ತಿತು. ಗೊಂಡೆ ಹೂವನ್ನು ಮಾತ್ರ ನೋಡಿದ ಕೂಡಲೇ, "ನಾನೆಂತ ಆಯುಧಪೂಜೆಯ ಲಾರಿಯಾ?" ಎಂದು ಸಿಡುಕಿದರು. ಆದರೂ ತಂದ ಹಾರ ಹಾಳಾಗಬಾರದೆಂದು ಹಾಕಿಕೊಂಡು ಮಲಗಿದರು. ಪಕ್ಕದ ಮನೆಯವರು ಏಣಿ ಹಿಂತಿರುಗಿಸಲು ಬಂದದ್ದು ಸರಿಯಾಗಿ ಆಗಲೇ! ಏಣಿ ಅಲ್ಲೇ ಬಿಟ್ಟು, "ಅಯ್ಯೋ ಮಾಸ್ಟ್ರು ಹೋದರು!" ಎಂದು ಕೂಗಿಕೊಂಡು ಓಡಿದರು. ಹತ್ತು ನಿಮಿಷದಲ್ಲಿ ಅಂಗಳ ತುಂಬಿತು. ಅತ್ತೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ಅವರಿಗೇನೂ ಗೊತ್ತಿಲ್ಲ. ಒಬ್ಬರು ಪಾದ ಮುಟ್ಟಿ ನಮಸ್ಕರಿಸಲು ಬಗ್ಗಿದಾಗ ಮಾವ ಕಣ್ಣು ತೆರೆಯದೆ, "ಮುಟ್ಟಬೇಡಿ, ಇನ್ನೂ ಮೂರು ನಿಮಿಷ ಉಂಟು" ಎಂದರು. ಅಂಗಳ ತುಂಬಿದ್ದಕ್ಕಿಂತ ಬೇಗ ಖಾಲಿಯಾಯಿತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕಡಿಯಾಳಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಬಂದಳು. ಬಂದು ನೋಡಿದರೆ ಅಣ್ಣ ನೀರುದೋಸೆ ತಿನ್ನುತ್ತಿದ್ದಾರೆ! ಅಮ್ಮನ ಕಣ್ಣೀರು ಕಣ್ಣಲ್ಲೇ ಕುದಿಯಿತು.

"ಅಣ್ಣ, ಇನ್ನು ನೀನು ನಿಜವಾಗಿ ಸತ್ತರೂ ನಾನು ಬರುವುದಿಲ್ಲ!"

ಮಾವ ಎಡಗೈಯಲ್ಲಿ ಚೀಟಿ ತೆಗೆದು, "ಒಳ್ಳೆದಾಯಿತು. ತಂಗಿಯ ಲೆಕ್ಕದ ಸಣ್ಣ ಹಾರ ಒಂದು ಉಳಿಯಿತು" ಎಂದು ಗೀಟು ಎಳೆದರು.

ಇದೆಲ್ಲ ನಮಗೆ ತಮಾಷೆ. ಆದರೆ ಒಂದು ದಿನ ಹೋಗಿ ನೋಡುತ್ತೇನೆ, ಮುಂಗಡಪತ್ರದಲ್ಲಿ ಮಲ್ಲಿಗೆಯ ಸಾಲನ್ನೇ ಕೆಂಪು ಶಾಯಿಯಲ್ಲಿ ಹೊಡೆದು, 'ಒಂದು ಮೊಗ್ಗೂ ಕೂಡದು' ಎಂದು ಬರೆದಿದ್ದಾರೆ. ಅದರ ಜಾಗದಲ್ಲಿ ಅಬ್ಬಲಿಗೆ, ಘಟ್ಟದ ಮೇಲಿನವರ ಕನಕಾಂಬರ! ಅಮ್ಮ ಕೆಂಡವಾದಳು. "ಮಲ್ಲಿಗೆಯ ಊರಿನಲ್ಲಿ ಹುಟ್ಟಿ ಗಂಡಸಿನ ಮೈಮೇಲೆ ಅಬ್ಬಲಿಗೆಯಾ? ಅದು ಹೆಂಗಸರು ಮುಡಿಯುವ ಹೂ. ಜನ ಎಂತ ಹೇಳಿಯಾರು?" ಮಾವ, "ಜನ ಹೇಳುವುದು ಆ ದಿನ ನನಗೆ ಕೇಳಿಸುವುದಿಲ್ಲ" ಎಂದರು. ಬಾಯಿಗೂ ಸಿಟ್ಟು ಬಂದು ಮೂರು ದಿನ ಅವರ ಜೊತೆ ಮಾತು ಬಿಟ್ಟರು. ಕಂಜೂಸಿ ಎಂದು ಬಂಧುಗಳೆಲ್ಲ ತೀರ್ಪು ಕೊಟ್ಟರು. ನಾನೂ ಹಾಗೇ ಅಂದುಕೊಂಡಿದ್ದೆ.

ಕಾರಣ ಗೊತ್ತಾದದ್ದು ಮುಂದಿನ ವಾರ, ಮಾವನ ಜೊತೆ ಕಾರ್ಕಳದಿಂದ ಬರುವ ಬಸ್ಸಿನಲ್ಲಿ. ಅದಕ್ಕೂ ಸ್ವಲ್ಪ ದಿನ ಮೊದಲು ಅಲ್ಲಿ ಬಂಧುಗಳ ಮನೆಯ ಮದುವೆಯೊಂದು ಆಗಿತ್ತು. ಮಾವ ಅದಕ್ಕೆ ಹೋಗಿದ್ದರು. ಮಲ್ಲಿಗೆಯ ಹರಿವಾಣ ಹೆಂಗಸರ ಸಾಲಿಗೆ ಬಂದಾಗ ದೊಡ್ಡಮಾವನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು, ಹಿಂದೆ ಪಾತ್ರೆ ತೊಳೆಯುವಲ್ಲಿ ಹೋಗಿ ಕುಳಿತರಂತೆ. ಊಟಕ್ಕೂ ಬರಲಿಲ್ಲವಂತೆ.

"ಅಣ್ಣ ಹೋಗಿ ಆರು ವರ್ಷ ಆಯಿತು ಮಾರಾಯ," ಎಂದರು ಮಾವ. "ಆ ಪರಿಮಳ ಬಂದರೆ ಅತ್ತಿಗೆಗೆ ಇವತ್ತಿಗೂ ಅದೇ ದಿನ. ಆ ಹತ್ತು ಅಟ್ಟೆ ಹೊತ್ತುಕೊಂಡು ಹೋಗಿ ಹಾಕಿದವರು ನಾವೇ ಅಲ್ವಾ? ನಿನ್ನ ಅತ್ತೆಗೆ ಮಲ್ಲಿಗೆ ಅಂದರೆ ಜೀವ. ನಾನು ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗುವುದು ಸರಿಯಾ? ಅಬ್ಬಲಿಗೆಗೆ ವಾಸನೆ ಇಲ್ಲ. ನೆನಪಿಗೆ ಅಂಟುವುದಿಲ್ಲ."

ನಾನು ಸುಮ್ಮನಿರಬೇಕಿತ್ತು. ವಯಸ್ಸು ಚಿಕ್ಕದು, ಬಾಯಿ ದೊಡ್ಡದು. "ಆದರೆ ಮಾವ, ನೀವು ಹೋದ ಮೇಲೆ ಅತ್ತೆ ಹೂ ಮುಡಿಯಲಿಕ್ಕೆ ಜನ ಬಿಡುತ್ತಾರಾ?" ಎಂದೆ.

ಹಿರಿಯಡ್ಕ ದಾಟುವವರೆಗೂ ಅವರು ಬಸ್ಸಿನ ಟಿಕೇಟನ್ನು ಮಡಚುತ್ತಾ, ಬಿಚ್ಚುತ್ತಾ ಕುಳಿತರು. "ಅದೊಂದು ಲೆಕ್ಕ ನನ್ನಿಂದ ಬಿಡಿಸಲಿಕ್ಕೆ ಆಗಲಿಲ್ಲ" ಎಂದರು ಕೊನೆಗೆ.

ಅತ್ತೆಗೆ ಇದನ್ನು ಹೇಳಬಾರದೆಂದು ಆಣೆ ಹಾಕಿಸಿಕೊಂಡರು. ಹೇಳಲಿಲ್ಲ. 

ಎಂಬತ್ತರ ದಶಕದ ಆರಂಭದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ಯಾವ ತಿಂಗಳು ಹೇಳಿ? ಮೇ! ಕಾಪುವಿನಲ್ಲಿ ಆ ದಿನ ಮೂರು ಮದುವೆ! ಹತ್ತು ವರ್ಷ ಕಾದು ಕಾದು, ಹೋಗಿ ಹೋಗಿ ಅತಿ ದುಬಾರಿ ದಿನವನ್ನೇ ಹಿಡಿದರು. ನಾನು ಉಡುಪಿಯ ಅಂಗಡಿಗಳನ್ನೆಲ್ಲ ಸುತ್ತಿ ಅಬ್ಬಲಿಗೆ ಒಟ್ಟು ಮಾಡಿ ತಂದೆ. ಜನ ಮುಸಿಮುಸಿ ಮಾಡಿದರು. ಬಂಧುವೊಬ್ಬರು ದೊಡ್ಡ ಮಲ್ಲಿಗೆ ಹಾರ ಹಿಡಿದು ಬಂದರೆ ಗೇಟಿನಲ್ಲೇ ಅಡ್ಡ ನಿಂತು ಅದನ್ನು ಅವರ ಕಾರಿಗೇ ವಾಪಸು ಕಳಿಸಿದೆ. ಅವರು ಈಗಲೂ ನನ್ನನ್ನು ಮಾತಾಡಿಸುವುದಿಲ್ಲ. ಅತ್ತೆಯ ತಲೆಯಲ್ಲಿ ಮಧ್ಯಾಹ್ನ ಮುಡಿದ ಮಲ್ಲಿಗೆ ಬಾಡಿಕೊಂಡು ಇತ್ತು. ಹಿರಿಯರು ಹೇಳಿದರೆಂದು ಅದನ್ನು ತೆಗೆದವಳು ನನ್ನ ಅಮ್ಮ. ಅತ್ತೆ ತಲೆ ಬಗ್ಗಿಸಿ ಕುಳಿತಿದ್ದರು.

ಬೊಜ್ಜದ ಮರುದಿನ, ಉಳಿದುಕೊಂಡಿದ್ದ ಹಿರಿಯರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದಾಗ, ಬಾಯಿ ಗೇಟಿನ ಹತ್ತಿರ ಬಂದು ನಿಂತರು. ಅಷ್ಟು ದಿನವೂ ಅವರು ಈ ಮನೆಯ ಮುಂದೆ ತಲೆ ತಗ್ಗಿಸಿ ದಾಟಿ ಹೋಗಿದ್ದರು.

"ಈ ಮನೆಗೆ ಇನ್ನು ಹೂವು ಎಂತಕ್ಕೆ ಬಾಯಿ? ಮುಂದೆ ಹೋಗಿ" ಎಂದರು ಹಿರಿಯರೊಬ್ಬರು.

ಬಾಯಿ ಹೋಗಲಿಲ್ಲ. "ಮಾರಲಿಕ್ಕೆ ಬಂದದ್ದಲ್ಲ. ಇಷ್ಟು ವರ್ಷ ಕೊಟ್ಟ ಕೈ, ದಾಟಿ ಹೋಗಲಿಕ್ಕೆ ಆಗುವುದಿಲ್ಲ. ಅಮ್ಮನಿಗೆ ಬೇಡ ಅಂತಾದರೆ ಅಮ್ಮನೇ ಹೇಳಲಿ."

ಅತ್ತೆ ಒಳಗಿನಿಂದ ಬಂದರು. ಗೇಟಿನ ತನಕ ನಡೆದು ಪೊಟ್ಟಣ ತೆಗೆದುಕೊಂಡರು. ಬಾಳೆಲೆ ಬಿಚ್ಚಿ, ಎಷ್ಟೋ ಹೊತ್ತು ಸುಮ್ಮನೆ ನೋಡಿ, ಮೆಲ್ಲಗೆ ಮೂಗಿನ ಹತ್ತಿರ ತಂದರು.  ನನ್ನ ಮಾವ ಬದುಕಿನಲ್ಲಿ ಮಾಡಿದ ಲೆಕ್ಕಗಳಲ್ಲಿ ಇದೊಂದು ತಪ್ಪಬಾರದು ದೇವರೇ ಎಂದು ಬೇಡಿಕೊಂಡೆ.

"ಇವತ್ತಿನದ್ದು ಒಳ್ಳೆ ಪರಿಮಳ ಉಂಟು ಬಾಯಿ" ಎಂದರು ಅತ್ತೆ.

ಆಮೇಲೆ ಅವರು ಜಗಲಿಯ ಕಡೆ ನೋಡಲೇ ಇಲ್ಲ. ನೇರವಾಗಿ ನನ್ನ ಅಮ್ಮನ ಮುಂದೆ ಬಂದು ಹೂವನ್ನು ಅವಳ ಕೈಯಲ್ಲಿಟ್ಟು, ಬೆನ್ನು ತಿರುಗಿಸಿ ನಿಂತರು. ಜಗಲಿಯಲ್ಲಿ ಯಾರೋ ಕೆಮ್ಮಿದರು. ಅಮ್ಮ ಒಮ್ಮೆ ಹಿರಿಯರ ಕಡೆ ನೋಡಿದಳು, ಒಮ್ಮೆ ಕೈಯಲ್ಲಿದ್ದ ಹೂವನ್ನು ನೋಡಿದಳು. ಶಾಸ್ತ್ರ ಸಂಪ್ರದಾಯ ಎಂದು ಜೀವಮಾನವೆಲ್ಲ ಅಣ್ಣನೊಡನೆ ಜಗಳಾಡಿದವಳು ಅವಳು. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ತನ್ನ ತಲೆಯಿಂದ ಒಂದು ಪಿನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು, ಮಲ್ಲಿಗೆಯನ್ನು ಅತ್ತೆಯ ತುರುಬಿಗೆ ಇಟ್ಟಳು.

"ಅಲುಗಬೇಡಿ ಅತ್ತಿಗೆ," ಎಂದಳು. "ಸರಿಯಾಗಿ ಸಿಕ್ಕಿಸುತ್ತೇನೆ."