ಮೂವತ್ತೆರಡು ಕೌದಿ, ಎರಡು ಸ್ಪೀಕರ್

ಬಿಷ್ಕೆಕ್‌ನ ಓಶ್ ಬಜಾರಿನಲ್ಲಿ ಕಲ್ಲಂಗಡಿ ಮಾರುವ ಎರ್ಮೆಕ್ ಆ ಆಗಸ್ಟ್ ತಿಂಗಳಲ್ಲಿ ಒಂದು ಶಪಥ ಮಾಡಿದ. ಮಗಳ ಮದುವೆಯ ದಿನ ಬೀಗರನ್ನು ತನ್ನ ಮನೆಯ ನಡುಕೋಣೆಯಲ್ಲಿ ಕೂರಿಸಬೇಕು, ಕೋಮುಜ್ ಎಂಬ ತಂತಿವಾದ್ಯದ ಒಂದೇ ಒಂದು ವಾದನ ಕೇಳಿಸಬೇಕು, ಅವರ ಬಾಯಿಂದ "ಭಲೇ" ಅನ್ನಿಸಬೇಕು. ಅನ್ನಿಸದಿದ್ದರೆ ತನ್ನ ತಲೆಯ ಎರಡು ಬದಿಗೆ ಇರುವುದು ಕಿವಿಯಲ್ಲ, ಟೋಪಿ ಜಾರದಂತೆ ತಡೆಯುವ ಗೂಟ.

ಶಪಥಕ್ಕೆ ಕಾರಣವಿತ್ತು. ಬೀಗರಾದ ದುಯ್ಶೆನ್ ಮೂವತ್ತು ವರ್ಷ ರೇಡಿಯೋದಲ್ಲಿ ಧ್ವನಿಮುದ್ರಣ ಮಾಡಿ ನಿವೃತ್ತರಾದವರು. ಮಗಳು ಐಜಾರ್ಕಿನ್‌ಗೆ ಓಲೆ ತೊಡಿಸಿ ಸಂಬಂಧ ಗಟ್ಟಿ ಮಾಡಲು ಬಂದ ದಿನ ಎರ್ಮೆಕ್ ಸುಮ್ಮನಿರಲಾರದೆ ಹೇಳಿದ್ದ: "ನಂದೂ ಕಿವಿಯ ಕಸುಬೇ ಬೀಗರೇ. ಬೆರಳಲ್ಲಿ ಒಂದು ಸಲ ತಟ್ಟಿದ್ರೆ ಸಾಕು, ಹಣ್ಣು ಒಳಗೆ ಕೆಂಪೋ ಬಿಳುಪೋ ಹೇಳ್ಬಿಡ್ತೀನಿ."

ದುಯ್ಶೆನ್ ಚಹಾದ ಬಟ್ಟಲು ಕೆಳಗಿಟ್ಟರು. "ಹೌದೌದು. ಕಲ್ಲಂಗಡಿಗೆ ಅಷ್ಟು ಕಿವಿ ಧಾರಾಳ ಸಾಕು."

ಬೀಗರ ಬಳಗವೆಲ್ಲ ನಕ್ಕಿತು. ಎರ್ಮೆಕ್ ಕೂಡ ನಕ್ಕ. ವ್ಯಾಪಾರಿಗೆ ಎಲ್ಲಿ ಬೇಕಾದರೂ ನಗಲು ಬರುತ್ತದೆ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದ ನಾರಿನಂತೆ ಒಳಗೇ ಉಳಿಯಿತು.

ಮನೆಯಲ್ಲಿ ಸೋವಿಯತ್ ಕಾಲದ ಒಂದು ಆಂಪ್ಲಿಫೈಯರ್ ಇತ್ತು. ಮೂವತ್ತು ವಾಟ್, ತೂಕ ಮಾತ್ರ ಕುರಿಯಷ್ಟು. ಅದರ ಸ್ಪೀಕರ್‌ಗಳನ್ನು ಇಲಿಗಳು ಮುಗಿಸಿ ವರ್ಷಗಳಾಗಿದ್ದವು.

"ಮದುವೆ ಮುಗೀಲಿ, ಹೊಸ ಸ್ಪೀಕರ್ ಆಮೇಲೆ ತನ್ನಿ," ಎಂದಳು ಹೆಂಡತಿ ಬುಬುಸಾರಾ, ಸೂಜಿಯಿಂದ ಕಣ್ಣೆತ್ತದೆ. ಅವಳು ಕೌದಿ ಹೊಲಿಯುತ್ತಿದ್ದಳು. ಮಗಳು ಹುಟ್ಟಿದ ವರ್ಷದಿಂದಲೂ ಹೊಲಿಯುತ್ತಲೇ ಇದ್ದಳು. ಬಳುವಳಿಯ ಉಣ್ಣೆ ಕೌದಿಗಳು ಈಗ ಮೂವತ್ತೆರಡಾಗಿ, ನಡುಕೋಣೆಯ ಒಂದು ಗೋಡೆಯನ್ನು ಸೂರಿನ ತನಕ ನುಂಗಿದ್ದವು. ಉಳಿದ ಮೂರು ಗೋಡೆಗೆ ಜಮಖಾನೆ, ನೆಲಕ್ಕೆ ದಪ್ಪ ಉಣ್ಣೆಯ ಹಾಸು.

"ಮದುವೆ ಮುಗಿದ್ಮೇಲೆ ಯಾರಿಗೆ ಕೇಳಿಸ್ಲಿ? ಗೋಡೆಗಾ?"

"ಗೋಡೆಗೇ ಕೇಳಿಸಿ. ಅಷ್ಟೊತ್ತಿಗೆ ಗೋಡೆನಾದ್ರೂ ಕಣ್ಣಿಗೆ ಕಾಣಿಸ್ತಿರುತ್ತೆ."

ಇಷ್ಟು ಸೂಕ್ಷ್ಮ ಕಿವಿಯ ಎರ್ಮೆಕ್ ಆ ಒಂದು ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೇ ರೇಡಿಯೋ, ಸ್ಪೀಕರ್ ಮಾರುವ ಗೆನ್ನಾಡಿಯ ಅಂಗಡಿಗೆ ಹೋದವನೇ ಸ್ಪೀಕರ್ ಪೆಟ್ಟಿಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟತೊಡಗಿದ.

"ಏನ್ಮಾಡ್ತಿದೀಯ ಮಾರಾಯ?"

"ಹಣ್ಣಾಗಿದೆಯಾ ನೋಡ್ತಿದೀನಿ."

ಎರ್ಮೆಕ್ ಪೂರ್ತಿ ತಯಾರಾಗಿಯೇ ಹೋಗಿದ್ದ. ಆಂಪ್ಲಿಫೈಯರ್‌ನ ಬೆನ್ನ ಮೇಲೆ ಎಂಟು ಓಮ್ ಎಂದು ಬರೆದಿತ್ತು. ಅದಕ್ಕಿಂತ ಕಡಿಮೆ ತಡೆಯ ಸ್ಪೀಕರ್ ಕಟ್ಟಿದರೆ ಆ ಮುದಿ ಯಂತ್ರ ಕಾದು ಪ್ರಾಣ ಬಿಡುತ್ತದೆ. ಇರುವುದೇ ಮೂವತ್ತು ವಾಟ್, ಆದ್ದರಿಂದ ಸ್ಪೀಕರ್ ಕೂಡ ಸ್ವಲ್ಪ ಮೇವಿಗೆ ಹೆಚ್ಚು ಹಾಲು ಕೊಡುವ ಹೆಣ್ಣುಕುದುರೆಯ ಜಾತಿಯದಾಗಿರಬೇಕು. ಅಂಥ ಒಂದು ಜೊತೆ ಸಿಕ್ಕಿತು. ಅಂಗಡಿಯ ಬರಿಗೋಡೆಗಳ ನಡುವೆ ಅದರ ದನಿ ಜೇನಿನಂತಿತ್ತು. ಪರೀಕ್ಷೆಗೆಂದು ಮನೆಗೆ ತಂದು ಹಾಕಿದರೆ, ಗಾಯಕ ಕಂಬಳಿ ಹೊದ್ದು ಜ್ವರದಲ್ಲಿ ನರಳಿದಂತೆ ಕೇಳಿಸಿತು.

ಬೇರೆಯವರಾಗಿದ್ದರೆ ಸ್ಪೀಕರನ್ನು ಬಯ್ಯುತ್ತಿದ್ದರು. ಎರ್ಮೆಕ್ ಕೋಣೆಯ ಕಡೆ ನೋಡಿದ. ಉಣ್ಣೆ! ಇಷ್ಟೊಂದು ಉಣ್ಣೆ ದನಿಯ ಮೊನೆಯನ್ನೆಲ್ಲ ತಿಂದು ತೇಗುತ್ತಿದೆ. ಹಾಗಾದರೆ ಈ ಕೋಣೆಗೆ ಬೇಕಾದದ್ದು ಜೇನಲ್ಲ, ಚಾಕು.

ಆ ಜೊತೆಯನ್ನು ಹಿಂದಿರುಗಿಸಲು ಹೋದಾಗ, ಗೆನ್ನಾಡಿಯ ಅಂಗಡಿಯ ಮೂಲೆಯಲ್ಲಿ ಎರಡು ವರ್ಷದಿಂದ ದೂಳು ಹೊದ್ದು ಕೂತ ಒಂದು ಜೊತೆ ಇತ್ತು. "ಅದು ಬೇಡಪ್ಪಾ," ಎಂದ ಗೆನ್ನಾಡಿ. "ಅದನ್ನ ಹಾಕಿದ್ರೆ ಪಕ್ಕದ ಅಂಗಡಿಯೋನು ಜಗಳಕ್ಕೆ ಬರ್ತಾನೆ."

"ಅದನ್ನೇ ಕೊಡು. ಯಾರಿಗೂ ಬೇಡವಾದದ್ದು ಅಂದ್ಮೇಲೆ ಅರ್ಧ ಬೆಲೆಗೆ ಕೊಡು."

ಮನೆಯಲ್ಲಿ ಹಚ್ಚಿದಾಗ ಪವಾಡ ನಡೆಯಿತು. ಉಣ್ಣೆ ತನ್ನ ಪಾಲಿನ ಕರ್ಕಶವನ್ನು ತಿಂದು, ಮಿಕ್ಕ ಅಮೃತವನ್ನು ಬಿಟ್ಟುಕೊಟ್ಟಿತು. ಕೋಮುಜ್‌ನ ಮೂರು ತಂತಿಗಳೂ ಬೇರೆ ಬೇರೆ ನಿಂತು ನುಡಿದವು. ವಾದಕ ಉಸಿರೆಳೆದದ್ದೂ ಕೇಳಿಸಿತು. ಬುಬುಸಾರಾಳ ಸೂಜಿ ನಿಂತಿತು. "ಹ್ಞೂಂ. ಪರವಾಗಿಲ್ಲ," ಎಂದಳು. ಇಪ್ಪತ್ಮೂರು ವರ್ಷದ ದಾಂಪತ್ಯದಲ್ಲಿ ಎರ್ಮೆಕ್‌ಗೆ ಸಿಕ್ಕ ಅತಿ ದೊಡ್ಡ ಬಿರುದು ಅದು.

ಅಲ್ಲಿಂದ ಮುಂದೆ ಬಜಾರಿನಲ್ಲಿ ಹಣ್ಣು ಕೊಳ್ಳಲು ಬಂದವರಿಗೆ ಮೊದಲು ಓಮ್, ಆಮೇಲೆ ಕಲ್ಲಂಗಡಿ.

ಮದುವೆಯ ದಿನ ಅಂಗಳದ ಚಪ್ಪರದಲ್ಲಿ ಊಟವಾಯಿತು. ಬಾಗಿಲಿಗೆ ಲಾರಿ ಬಂದು ನಿಂತಿತು. ಬೀಗರ ಕಡೆಯವರು ಬಳುವಳಿ ಹೊತ್ತು ಹೊರಟರು. ಹೆಣ್ಣಿನ ತಂದೆ ಎಷ್ಟು ಕೊಡುತ್ತಾನೋ ಅಷ್ಟು ಅವನ ತಲೆ ಎತ್ತರ. ನೆಂಟರಿಷ್ಟರು ನೋಡುತ್ತಿದ್ದಾರೆ ಎಂದಾಗ ಎರ್ಮೆಕ್‌ಗೆ ಹುರುಪು ಏರಿತು.

"ಕೌದಿ ಎಲ್ಲಾ ಹೋಯ್ತಾ? ಗೋಡೆ ಮೇಲಿನ ಜಮಖಾನೆನೂ ಬಿಚ್ಚಿ. ಆ ಹಾಸು ಯಾಕ್ರಯ್ಯಾ ಬಿಟ್ರಿ? ಸುತ್ತಿ ಎತ್ಕೊಳ್ಳಿ. ನನ್ನ ಮಗಳಿಗೆ ಯಾವುದೂ ಕಡಿಮೆ ಆಗ್ಬಾರ್ದು."

ಕೊನೆಯ ಸುರುಳಿಗೆ ತಾನೇ ಹೆಗಲು ಕೊಟ್ಟ. ಆಮೇಲೆ ಕೈ ಒರೆಸಿಕೊಂಡು, ದುಯ್ಶೆನ್‌ರನ್ನು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ಎದೆಯುಬ್ಬಿಸಿ ಗುಂಡಿ ತಿರುಗಿಸಿದ.

ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತಾಯಿತು. ಕೋಮುಜ್ ಒಂದು ಗೋಡೆಗೆ ಬಡಿದು, ಇನ್ನೊಂದಕ್ಕೆ ಹಾರಿ, ಮೂರನೆಯದರಲ್ಲಿ ತನ್ನನ್ನೇ ಎದುರುಗೊಂಡು ಕಿರುಚಿತು. ಕಪಾಟಿನ ಬಟ್ಟಲುಗಳು ಹಲ್ಲು ಕಡಿದವು. ಬಾಗಿಲಲ್ಲಿದ್ದ ಎರ್ಮೆಕ್‌ನ ದೊಡ್ಡತ್ತೆ ಕಿವಿಯ ಯಂತ್ರ ಕಳಚಿ ಜೇಬಿಗೆ ಹಾಕಿಕೊಂಡು, ನೆಮ್ಮದಿಯಾಗಿ ನಿಂತಳು.

ಎರ್ಮೆಕ್ ಗುಂಡಿ ತಿರುಗಿಸಿ ಆರಿಸಿದ. "ಬೀಗರೇ..." ಎಂದ. ಬೋಳು ಗೋಡೆ "ಗರೇ" ಎಂದಿತು.

ದುಯ್ಶೆನ್ ಎದ್ದು ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಆಲಿಸಿದರು. ಆಂಪ್ಲಿಫೈಯರ್‌ನ ಬೆನ್ನು ಓದಿದರು. ಸ್ಪೀಕರ್‌ಗಳನ್ನು ನೋಡಿದರು. ಕೊನೆಗೆ ಕಿಟಕಿಯಾಚೆ ನಿಂತ ಲಾರಿಯನ್ನು ನೋಡಿದರು.

"ನಿಮ್ಮ ಲೆಕ್ಕ ಎಲ್ಲೂ ತಪ್ಪಿಲ್ಲ. ಓಮ್ ಸರಿಯಾಗಿದೆ, ವಾಟ್ ಸರಿಯಾಗಿದೆ, ಸ್ಪೀಕರೂ ಸರಿಯಾಗಿದೆ. ಆದ್ರೆ ಇದನ್ನ ಯಾವ ಕೋಣೆಗೆ ಅಂತ ತಂದ್ರೋ, ಆ ಕೋಣೆ ಈಗ ಲಾರಿ ಮೇಲಿದೆ."

"ಗೋಡೆ ಕಾಣಿಸುತ್ತೆ ಅಂತ ಆವತ್ತೇ ಹೇಳಿದ್ದೆ," ಎಂದಳು ಬುಬುಸಾರಾ.

ಎರ್ಮೆಕ್ ತಲೆ ಕೆರೆದುಕೊಂಡ. ಕೊಳೆಯುವ ಮುನ್ನ ಮಾಲನ್ನು ಸಾಗಹಾಕುವುದನ್ನು ಹಣ್ಣಿನ ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ. "ಹಾಗಾದ್ರೆ ಇನ್ನೇನು ಯೋಚ್ನೆ? ಈ ಎರಡು ಸ್ಪೀಕರನ್ನೂ ಲಾರಿಗೆ ಹಾಕಿ. ನನ್ನ ಮಗಳಿಗೆ ಯಾವುದೂ ಕಡಿಮೆ ಆಗ್ಬಾರ್ದು."

"ಭಲೇ," ಎಂದರು ದುಯ್ಶೆನ್.

ಶಪಥ ಈಡೇರಿತು. ಈಗ ತನ್ನ ಸ್ಪೀಕರ್ ಕೇಳಬೇಕೆನ್ನಿಸಿದರೆ ಎರ್ಮೆಕ್ ಎರಡು ಕಲ್ಲಂಗಡಿ ಹೊತ್ತು ಬೀಗರ ಮನೆಗೆ ಹೋಗುತ್ತಾನೆ.

ಮೊನ್ನೆ ಯಾರೋ ಗಿರಾಕಿ ಅಂಗಡಿಯ ಮುಂದೆ ನಿಂತು ಕೇಳಿದ: "ಎರ್ಮೆಕ್ ಅಣ್ಣಾ, ಮನೇಲಿ ಆಂಪ್ಲಿಫೈಯರ್ ಇದೆ. ಎಂಥ ಸ್ಪೀಕರ್ ತಗೊಳ್ಳಲಿ? ನಿಂಗೆ ಇದೆಲ್ಲ ಗೊತ್ತಂತಲ್ಲ."

ಎರ್ಮೆಕ್ ಒಂದು ಹಣ್ಣನ್ನು ತಟ್ಟಿ, ಕಿವಿಗೊಟ್ಟು, ಪಕ್ಕಕ್ಕಿಟ್ಟ.

"ಓಮ್ ಎಷ್ಟು ಅನ್ನೋದನ್ನ ಆಮೇಲೆ ನೋಡೋಣ. ಮೊದ್ಲು ಹೇಳು, ಮದುವೆ ವಯಸ್ಸಿಗೆ ಬಂದಿರೋ ಮಗಳು ಇದ್ದಾಳಾ ಮನೇಲಿ?"